ಬಲ್ಮಠದ ಗುಡ್ಡದ ಮೇಲೆ ನಾಲ್ಕು ವರ್ಷ

“ನಿಮ್ಮನ್ನು ಜನ ಏನೆಂದು ಕರೆಯಬೇಕು?”

ಕ್ರೈಸ್ತ ಸಭಾಪಾಲಕರಾಗಲು ಓದಲು ಹೊರಟವರ ಆಯ್ಕೆ ಸಮಿತಿಯ ಮುಂದೆ ಕುಳಿತಿದ್ದಾಗ ಹಿರಿಯರೊಬ್ಬರು ಈ ಪ್ರಶ್ನೆ ಕೇಳಿದರು. ಅದರಲ್ಲಿ ಕುಹಕವಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಮ್ಮ ಕಡೆಯ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಸಭಾಪಾಲಕರನ್ನು ‘ಅಯ್ಯನವರು’ ಎನ್ನುತ್ತಾರೆ, ಅವರ ಹೆಂಡತಿಯನ್ನು ‘ಅಮ್ಮನವರು’. ಮದುವೆ, ಮರಣ, ದೀಕ್ಷಾಸ್ನಾನ, ಹೊಸ ಮನೆಯ ಪ್ರಾರ್ಥನೆ, ಮಗನ ಪರೀಕ್ಷೆ, ಕಳೆದುಹೋದ ಎಮ್ಮೆ, ಯಾವುದೇ ಇರಲಿ, ‘ಅಯ್ಯನವರನ್ನು ಕರೆಯಿರಿ’ ಎಂಬ ಮಾತು ಮೊದಲು ಬಾಯಿಗೆ ಬರುತ್ತದೆ. ಆ ಜಾಗದಲ್ಲಿ ಹೆಣ್ಣುಮಗಳು ನಿಂತರೆ ಆ ಮಾತನ್ನು ಏನು ಮಾಡುವುದು? “ಅದನ್ನು ಜನರೇ ಹೇಳುತ್ತಾರೆ ಸರ್” ಎಂದಷ್ಟೇ ಅಂದೆ. ಮುಂದಿನ ಪ್ರಶ್ನೆ ಮದುವೆಯ ಬಗ್ಗೆ, ಅದರ ಮುಂದಿನದೂ ಮದುವೆಯ ಬಗ್ಗೆ. ಅದೇ ದಿನ ಸಂದರ್ಶನಕ್ಕೆ ಬಂದಿದ್ದ ಮೂವರು ಹುಡುಗರಲ್ಲಿ ಯಾರನ್ನೂ ಮದುವೆಯ ಬಗ್ಗೆ ಕೇಳಿರಲಿಲ್ಲ.

ನಾನು ಗದಗಿಗೆ ಅಂಟಿಕೊಂಡಿರುವ ಬೆಟಗೇರಿಯವಳು. ಅಪ್ಪ ನೇಕಾರ. ಮನೆಯ ನಡುಕೋಣೆಯಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗವಿತ್ತು. ಜನ ಇಂದಿಗೂ ‘ಜರ್ಮನ್ ಆಸ್ಪತ್ರೆ’ ಎಂದೇ ಕರೆಯುವ ಮಿಷನ್ ಆಸ್ಪತ್ರೆಯಲ್ಲಿ ನಾನು ಹುಟ್ಟಿದ್ದು. ಅಮ್ಮನ ಅಜ್ಜಿ ಆ ಕಾಲದ ‘ಬೈಬಲ್ ಅಮ್ಮ’, ಅಂದರೆ ಓಣಿ ಓಣಿ ತಿರುಗಿ ಹೆಂಗಸರಿಗೆ ಸತ್ಯವೇದ ಓದಿ ಹೇಳುತ್ತಿದ್ದವಳು. ಬಿ.ಎ. ಮುಗಿಸಿದ ಮೇಲೆ ಒಂದು ವರ್ಷ ಸಭೆಯಲ್ಲಿ ಸಂಡೇ ಸ್ಕೂಲು ನಡೆಸಿದೆ, ಮನೆಮನೆ ಪ್ರಾರ್ಥನೆಗೆ ಹೋದೆ. ದೈವಶಾಸ್ತ್ರ ಓದಲು ಹೋಗುವವರು ಹೀಗೆ ಒಂದಷ್ಟು ಕಾಲ ಸಭೆಯೊಳಗೆ ದುಡಿಯಬೇಕು. ಸಭೆಯ ಶಿಫಾರಸು ಪತ್ರ, ವೈದ್ಯರ ಪ್ರಮಾಣಪತ್ರ, ಪ್ರವೇಶ ಪರೀಕ್ಷೆ, ಸಂದರ್ಶನ ಎಲ್ಲ ಆದ ಮೇಲೆ 2013ರ ಜೂನ್ ತಿಂಗಳಲ್ಲಿ ಮಂಗಳೂರಿನ ಬಸ್ ಹತ್ತಿದೆ. ಹೊರಡುವ ಹಿಂದಿನ ದಿನ ಓಣಿಯ ಹಿರಿಯರೊಬ್ಬರು ಮನೆಗೆ ಬಂದು, “ಅಲ್ಲಿಗೆ ಹೋದವರು ನಂಬಿಕೆ ಕಳೆದುಕೊಂಡು ಬರುತ್ತಾರೆ, ಜೋಪಾನ ತಂಗಿ” ಎಂದರು. ದೈವಶಾಸ್ತ್ರದ ಕಾಲೇಜಿಗೆ ಹೊರಟ ಪ್ರತಿಯೊಬ್ಬರ ಕಿವಿಗೂ ಈ ಮಾತು ಬಿದ್ದಿರುತ್ತದೆ. ನನ್ನಲ್ಲಿ ಅದು ನಾಲ್ಕು ವರ್ಷವೂ ಉಳಿಯಿತು.

ಅರಬೈಲು ಘಟ್ಟ ಇಳಿಯುವಾಗ ಹಿಡಿದ ಮಳೆ ಮಂಗಳೂರಿನಲ್ಲಿ ಕಾಲೇಜಿರುವ ಬಲ್ಮಠದ ಗುಡ್ಡ ಹತ್ತುವಾಗಲೂ ಬಿಟ್ಟಿರಲಿಲ್ಲ. ವರ್ಷಕ್ಕೆ ನಾಲ್ಕು ಒಳ್ಳೆಯ ಮಳೆ ಬಂದರೆ ಕೈಮುಗಿಯುವ ಸೀಮೆಯಿಂದ ಬಂದವಳಿಗೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಊರನ್ನು ನಂಬುವುದೇ ಕಷ್ಟವಾಯಿತು. ಊಟಕ್ಕೆ ಕುಚ್ಚಲಕ್ಕಿ ಅನ್ನ, ಮೀನಿನ ಸಾರು. ರೊಟ್ಟಿ ಇಲ್ಲದ ಊಟ ನನಗೆ ಊಟವೇ ಆಗಿರಲಿಲ್ಲ. ಅಮ್ಮ ಕಟ್ಟಿಕೊಟ್ಟಿದ್ದ ಶೇಂಗಾ ಹಿಂಡಿಯನ್ನು ಒಂದು ತಿಂಗಳು ಅಳೆದು ಅಳೆದು ಹಾಕಿಕೊಂಡೆ. ಅದು ಮುಗಿಯುವ ಹೊತ್ತಿಗೆ ಮಳೆಗಾಲದ ಬೆಳಿಗ್ಗೆಗೆ ಬಿಸಿ ಗಂಜಿ ಮತ್ತು ಮಾವಿನ ಮಿಡಿ ಉಪ್ಪಿನಕಾಯಿಗಿಂತ ಹಿತವಾದದ್ದು ಇಲ್ಲ ಎಂಬುದು ನಾಲಿಗೆಗೆ ಗೊತ್ತಾಗಿತ್ತು.

ನಾನು ಸೇರಿದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಈ ಹೆಸರಿನಲ್ಲಿ ಆರಂಭವಾದದ್ದು 1965ರಲ್ಲಿ. ಆದರೆ ಆ ಗುಡ್ಡದ ಮೇಲೆ ಉಪದೇಶಿಗಳನ್ನು ತಯಾರು ಮಾಡುವ ಕೆಲಸ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದ ಮೇಲೆ ಈ ಸುತ್ತಿನಲ್ಲಿ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಎಲ್ಲ ಒಂದರ ಹಿಂದೆ ಒಂದು ಬಂದವು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಎಲ್ಲ ಶಾಲೆಯ ಪುಸ್ತಕದಲ್ಲಿ ಓದಿದ ಸಂಗತಿಗಳೇ. ಆದರೆ ಗ್ರಂಥಾಲಯದಲ್ಲಿ ಆ ನಿಘಂಟನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟಾಗ, ಪರದೇಶದವನೊಬ್ಬ ನನ್ನ ಭಾಷೆಯ ಒಂದೊಂದು ಶಬ್ದದ ಮುಂದೆಯೂ ಎಷ್ಟು ಹೊತ್ತು ನಿಂತಿರಬಹುದು ಎಂಬುದು ತೋಳಿಗೇ ತಿಳಿಯಿತು.

ಶಬ್ದದ ಮುಂದೆ ನಿಲ್ಲುವುದನ್ನು ನನಗೆ ಕಲಿಸಿದ್ದು ಗ್ರೀಕ್ ತರಗತಿ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಮೂಲಭಾಷೆ ಎಂದು ಮೊದಲ ವರ್ಷವೇ ಅದನ್ನು ಕಲಿಸಿದರು. ಎಲ್ಲರಿಗೂ ಅದರ ಹೆದರಿಕೆ. ನಮ್ಮ ಅಧ್ಯಾಪಕರು ಮೊದಲ ವಾರ ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದರು. ಮೇಲಿನ ಸಾಲಿನಲ್ಲಿ ಲೊಗೊಸ್, ಲೊಗೂ, ಲೊಗೋ, ಲೊಗೊನ್. ಅದರ ಕೆಳಗೆ ವಾಕ್ಯವು, ವಾಕ್ಯದ, ವಾಕ್ಯಕ್ಕೆ, ವಾಕ್ಯವನ್ನು. “ನಿಮಗೆ ವಿಭಕ್ತಿ ಹೊಸದೇನಲ್ಲ. ಹುಟ್ಟಿದಾಗಿನಿಂದ ಅದರಲ್ಲಿಯೇ ಮಾತನಾಡಿದ್ದೀರಿ” ಎಂದರು. ಅಲ್ಲಿಗೆ ಅರ್ಧ ಹೆದರಿಕೆ ಇಳಿಯಿತು. ಇಂಗ್ಲಿಷಿನಲ್ಲಿ ಬರೆದ ವ್ಯಾಕರಣದ ಪುಸ್ತಕ ಎರಡು ಪುಟ ಹಿಡಿದು ವಿವರಿಸುವ ಷಷ್ಠಿಯನ್ನು ನಾವು ‘ಅ’ ಪ್ರತ್ಯಯ ಎಂದು ಒಂದೇ ಉಸಿರಿಗೆ ಹಿಡಿದುಕೊಂಡೆವು. ಥ, ಫ, ಖ ಎಂಬ ಮಹಾಪ್ರಾಣಗಳೂ ನಮಗೆ ಹೊಸವಾಗಿರಲಿಲ್ಲ. ಹಳೆಯ ಒಡಂಬಡಿಕೆಯ ಭಾಷೆಯಾದ ಹೀಬ್ರೂ ಬಂದಾಗಲೂ ಹಾಗೆಯೇ ಆಯಿತು. ಬಲದಿಂದ ಎಡಕ್ಕೆ ಓದುವುದು ಅಭ್ಯಾಸವಾಗಲು ಒಂದು ತಿಂಗಳು ಬೇಕಾಯಿತು. ಆದರೆ ವ್ಯಂಜನದ ಕೆಳಗೆ, ಮೇಲೆ ಚುಕ್ಕೆ ಗೀಟು ಹಾಕಿ ಸ್ವರ ತೋರಿಸುವುದನ್ನು ಕಂಡಾಗ ಕಾಗುಣಿತ ಬರೆದ ಕೈಗೆ ತಟ್ಟನೆ ನೆಂಟಸ್ತಿಕೆ ಕಂಡಿತು.

ರಾತ್ರಿ ಹಾಸ್ಟೆಲಿನ ಜಗುಲಿಯಲ್ಲಿ ನಾವು ಐದು ಜನ ಹುಡುಗಿಯರು ಕುಳಿತು ಪಾಠ ಒಪ್ಪಿಸುತ್ತಿದ್ದೆವು. ಒಂದು ದಿನ ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದ ಎಂಟನೆಯ ವಚನಕ್ಕೆ ಬಂದೆವು. ನಮ್ಮ ಸತ್ಯವೇದದಲ್ಲಿ ಮೊದಲು ‘ಗಾಳಿ’ ಬೀಸುತ್ತದೆ, ವಚನದ ಕೊನೆಗೆ ‘ಆತ್ಮ’ ಬರುತ್ತದೆ. ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಶಬ್ದ, ಪ್ನ್ಯೂಮ. ಬಾಲ್ಯದಿಂದ ಬಾಯಿಪಾಠವಿದ್ದ ವಚನ ಅದು. ಗಾಳಿಯನ್ನು ಆತ್ಮಕ್ಕೆ ಉಪಮೆಯಾಗಿ ಹೇಳಿದ್ದಾರೆ ಎಂದು ಸಂಡೇ ಸ್ಕೂಲಿನ ಮಕ್ಕಳಿಗೆ ನಾನೇ ಎಷ್ಟು ಸಲ ಕಲಿಸಿದ್ದೆನೋ! ಮೂಲದಲ್ಲಿ ಎರಡನ್ನೂ ಒಂದೇ ಶಬ್ದ ಹೊತ್ತುಕೊಂಡಿತ್ತು. ಆ ಹೊತ್ತಿಗೆ ಹೊರಗೆ ಜೋರು ಗಾಳಿ, ತೆಂಗಿನ ಗರಿಗಳ ಸದ್ದು. ಯಾರೂ ಕೆಲವು ನಿಮಿಷ ಮಾತನಾಡಲಿಲ್ಲ. ಆಮೇಲೆ ಗೆಳತಿಯೊಬ್ಬಳು ಕೇಳಿದಳು. ಅದೇ ಆತ್ಮ ಹೀಬ್ರೂವಿನಲ್ಲಿ ‘ರೂಅಖ್’, ಹೆಚ್ಚಾಗಿ ಸ್ತ್ರೀಲಿಂಗ. ಗ್ರೀಕಿನಲ್ಲಿ ನಪುಂಸಕ. ಕನ್ನಡಕ್ಕೆ ಬರುವಾಗ ‘ಪವಿತ್ರಾತ್ಮನು’ ಎಂದು ಪುಲ್ಲಿಂಗವಾದದ್ದು ಹೇಗೆ? ಅಂದು ಮಲಗಿದಾಗ ಎರಡು ಗಂಟೆ. ವ್ಯಾಕರಣದ ಲಿಂಗವೇ ಬೇರೆ, ದೇವರ ಸ್ವರೂಪವೇ ಬೇರೆ ಎಂದು ಮರುದಿನ ಅಧ್ಯಾಪಕರು ಎಚ್ಚರಿಸಿದರು. ಅದು ಸರಿಯಾದ ಎಚ್ಚರಿಕೆ. ಆದರೂ ‘ಅವಳು’ ಎನ್ನುವುದಕ್ಕೆ ಎಡೆಯಿದ್ದ ಒಂದು ಭಾಷೆಯಲ್ಲಿ ಆ ಮಾತು ಮೊದಲು ಹುಟ್ಟಿತ್ತು ಎಂಬುದು ನನ್ನೊಳಗೆ ಬೆಚ್ಚಗೆ ಉಳಿಯಿತು.

ಆ ಮೊದಲ ವರ್ಷದ ಸೆಪ್ಟೆಂಬರ್ ಕೊನೆಗೆ ಇನ್ನೊಂದು ಸುದ್ದಿ ಬಂತು. ಆಂಧ್ರದ ನಂದ್ಯಾಲಕ್ಕೆ ಎಗ್ಗೋಣಿ ಪುಷ್ಪಲಲಿತ ಅವರು ಬಿಷಪರಾಗಿ ಅಭಿಷೇಕ ಹೊಂದಿದರು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಬಿಷಪರಾದ ಮೊದಲ ಮಹಿಳೆ. ಪತ್ರಿಕೆಯ ಆ ಚಿತ್ರವನ್ನು ಕತ್ತರಿಸಿ ಹಾಸ್ಟೆಲಿನ ಕನ್ನಡಿಯ ಪಕ್ಕಕ್ಕೆ ಅಂಟಿಸಿದೆವು. ನಾಲ್ಕು ವರ್ಷ ಅದು ಅಲ್ಲಿಯೇ ಇತ್ತು.

ನಂಬಿಕೆ ಹೋಗುತ್ತದೆ ಎಂಬ ಮಾತು ನೆನಪಾದದ್ದು ಹಳೆಯ ಒಡಂಬಡಿಕೆಯ ತರಗತಿಯಲ್ಲಿ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಲು ಹೇಳಿದರು. ಮೊದಲನೆಯದರಲ್ಲಿ ಗಿಡಮರ, ಪ್ರಾಣಿಪಕ್ಷಿ, ಕೊನೆಗೆ ಗಂಡು ಹೆಣ್ಣು ಒಟ್ಟಿಗೆ. ಎರಡನೆಯದರಲ್ಲಿ ಮಣ್ಣಿನಿಂದ ಮೊದಲು ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಎಲ್ಲಕ್ಕೂ ಕೊನೆಗೆ ಹೆಣ್ಣು. ಮೊದಲನೆಯದರಲ್ಲಿ ‘ದೇವರು’ ಎಂದಷ್ಟೇ ಇದೆ. ಎರಡನೆಯದರಲ್ಲಿ ‘ಯೆಹೋವ ದೇವರು’. ಎರಡು ಬೇರೆ ಬೇರೆ ಕಾಲದ, ಬೇರೆ ಕೈಗಳ ಬರಹಗಳು ಇಲ್ಲಿ ಸೇರಿವೆ ಎಂದು ವಿದ್ವಾಂಸರು ಹೇಳುವುದನ್ನು ಅಧ್ಯಾಪಕರು ಶಾಂತವಾಗಿ ವಿವರಿಸಿದರು. ನನ್ನ ಹಿಂದಿನ ಬೆಂಚಿನಲ್ಲಿದ್ದ ಹುಡುಗ ಪುಸ್ತಕ ಮುಚ್ಚಿಟ್ಟ. ಬೀದರ್ ಕಡೆಯ ಹಳ್ಳಿಯವನು, ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು. ರಾತ್ರಿ ಊಟಕ್ಕೆ ಬರಲಿಲ್ಲ. ಟ್ರಂಕು ಕಟ್ಟುತ್ತಿದ್ದಾನೆ ಎಂದು ಅವನ ಕೋಣೆಯವರು ಹೇಳಿದರು.

ನನಗೂ ನೆಲ ಅಲುಗಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಅಪ್ಪನ ಮಗ್ಗ. ನಮ್ಮ ಕಡೆ ನೇಯುವ ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ಎರಡೂ ಸೇರುವ ಕಡೆ ಒಂದೊಂದು ಎಳೆಯನ್ನೂ ಒಂದೊಂದು ಎಳೆಯ ಕುಣಿಕೆಗೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಆ ಕೆಲಸವನ್ನು ಹೆಚ್ಚಾಗಿ ಅಮ್ಮ ಮತ್ತು ಅಜ್ಜಿ ಮಾಡುತ್ತಿದ್ದರು, ಬೆಳಕು ಬೀಳುವ ಬಾಗಿಲ ಬಳಿ ಕುಳಿತು, ಸಾವಿರಾರು ಎಳೆ. ಉಟ್ಟವರಿಗೆ ಅದು ಒಂದು ಸೀರೆ. ಬೆರಳಿನಲ್ಲಿ ಸವರಿ ನೋಡಿದರೆ ಕೊಂಡಿ ಸಿಗುತ್ತದೆ. ಆದಿಕಾಂಡದ ಎರಡನೆಯ ಅಧ್ಯಾಯದ ನಾಲ್ಕನೆಯ ವಚನದ ನಡುವೆ ನನ್ನ ಬೆರಳಿಗೆ ಸಿಕ್ಕಿದ್ದು ಅಂಥದೇ ಕೊಂಡಿ. ಯಾರೋ ಕುಳಿತು, ಎರಡನ್ನೂ ಬಿಡಲಾರದೆ, ಎಳೆಗೆ ಎಳೆ ಸೇರಿಸಿದ್ದರು. ಮರುದಿನ ಆ ಹುಡುಗನಿಗೆ ನನ್ನ ಸೀರೆಯನ್ನೇ ತಂದು ಸೆರಗಿನ ಆ ಜಾಗ ತೋರಿಸಿದೆ. ಅವನು ಬಹಳ ಹೊತ್ತು ಸವರಿ ನೋಡಿದ. ಟ್ರಂಕು ಮತ್ತೆ ಮಂಚದ ಕೆಳಗೆ ಹೋಯಿತು. ಅವನು ಒಪ್ಪಿದ ಎಂದು ನಾನು ಹೇಳುವುದಿಲ್ಲ. ಅವನ ಜಗಳ ಪೂರ್ತಿ ನಾಲ್ಕು ವರ್ಷ ನಡೆಯಿತು. ತರಗತಿಯಲ್ಲಿ ಅತಿ ಗಟ್ಟಿಯಾದ ಪ್ರಶ್ನೆಗಳು ಅವನಿಂದಲೇ ಬರುತ್ತಿದ್ದವು. ಆ ಪ್ರಶ್ನೆಗಳಿಂದ ನಮಗೆಲ್ಲ ಲಾಭವಾಯಿತು.

ದಿನಚರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಿಗ್ಗೆ ಚಾಪೆಲ್, ತರಗತಿ, ಮಧ್ಯಾಹ್ನ ಗ್ರಂಥಾಲಯ, ಸಂಜೆ ತೋಟದ ಕೆಲಸ ಇಲ್ಲವೇ ವಾಲಿಬಾಲ್, ಮತ್ತೆ ಪ್ರಾರ್ಥನೆ, ಮತ್ತೆ ಓದು. ಚಾಪೆಲಿನಲ್ಲಿ ಕನ್ನಡದ ಕೀರ್ತನೆಯ ಜೊತೆ ತುಳುವಿನ ಕೀರ್ತನೆಯೂ ಇರುತ್ತಿತ್ತು. ಅರ್ಥವಾಗದಿದ್ದರೂ ರಾಗದ ಬಲದಿಂದ ಹಾಡುತ್ತಾ ಹಾಡುತ್ತಾ ತುಳು ಅರ್ಧ ಬಂತು. ಪಾಠ ಕನ್ನಡದಲ್ಲಿ ಕೇಳಿದರೂ ಓದಬೇಕಾದ ಪುಸ್ತಕಗಳು ಬಹುತೇಕ ಇಂಗ್ಲಿಷಿನವು. ಪದವಿ ಕೊಡುವುದು ಬಂಗಾಳದ ಸಿರಾಂಪುರ ಕಾಲೇಜಿನ ಸೆನೆಟ್. ಮಿಷನರಿಗಳಾದ ಕೇರಿ, ಮಾರ್ಷ್‌ಮನ್, ವಾರ್ಡ್ ಕಟ್ಟಿದ ಆ ಕಾಲೇಜಿಗೆ ಪದವಿ ಕೊಡುವ ಹಕ್ಕು 1827ರಲ್ಲಿ ಡೆನ್ಮಾರ್ಕಿನ ರಾಜನಿಂದ ಬಂದದ್ದು. ಕನ್ನಡ ನಾಡಿನ ಹಳ್ಳಿಯ ಸಭಾಪಾಲಕರ ಬಿ.ಡಿ., ಅಂದರೆ ದೈವಶಾಸ್ತ್ರದ, ಪದವಿಪತ್ರದ ಹಿಂದೆ ಅಂಥದೊಂದು ಉದ್ದದ ದಾರಿ ಇದೆ.

ಪ್ರಸಂಗ, ಅಂದರೆ ಆರಾಧನೆಯಲ್ಲಿ ಹೇಳುವ ಉಪದೇಶ, ಮಾಡುವುದನ್ನು ಕಲಿಸುವ ತರಗತಿಯ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಒಬ್ಬರು ಪೀಠದಲ್ಲಿ ನಿಂತು ಪ್ರಸಂಗ ಮಾಡಬೇಕು. ಉಳಿದವರು ಕಾಗದ ಹಿಡಿದು ಕುಳಿತು ಗುರುತು ಹಾಕಿಕೊಳ್ಳುತ್ತಾರೆ. ನನ್ನ ಮೊದಲ ಪ್ರಸಂಗ ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದ ಮೇಲೆ, ಹದಿನೆಂಟು ವರ್ಷದಿಂದ ಬೆನ್ನು ಬಗ್ಗಿ ನೆಟ್ಟಗೆ ನಿಲ್ಲಲಾರದ ಹೆಂಗಸಿನ ಕಥೆ. ನಾನು ಇಪ್ಪತ್ತೆರಡು ನಿಮಿಷ ಮಾತನಾಡಿದೆ. ಎಲ್ಲೂ ತಡವರಿಸಲಿಲ್ಲ. ಚಿಕ್ಕಂದಿನಿಂದ ಕೇಳಿದ ಮಾತುಗಳೆಲ್ಲ ನೀರಿನಂತೆ ಹರಿದು ಬಂದವು. ಮುಗಿದ ಮೇಲೆ ಅಧ್ಯಾಪಕಿ ನನ್ನ ಬರಹದ ಪ್ರತಿಯನ್ನು ಹಿಂದಕ್ಕೆ ಕೊಟ್ಟರು. ‘ಕರ್ತನಲ್ಲಿ ಪ್ರಿಯರೇ’, ‘ಕೃಪೆಯಿಂದ ತುಂಬಿಸಲ್ಪಟ್ಟು’, ‘ಆಶೀರ್ವಾದಕರವಾದ’ ಎಂಬಂಥ ಮೂವತ್ತಕ್ಕೂ ಹೆಚ್ಚು ಕಡೆ ಕೆಂಪು ಗೆರೆ. ಅಂಚಿನಲ್ಲಿ ಒಂದೇ ಸಾಲು: “ಈ ಮಾತುಗಳು ನಿಮ್ಮವಲ್ಲ. ಆ ಹೆಂಗಸು ಎಲ್ಲಿದ್ದಾಳೆ?”

ಅಂದು ರಾತ್ರಿ ಅತ್ತೆ. ಅಜ್ಜಿಯ ಪ್ರಾರ್ಥನೆಯಲ್ಲಿ ಬಂದ ಮಾತುಗಳು ಅವು. ಅವಕ್ಕೆ ಕೆಂಪು ಗೆರೆ ಎಳೆದದ್ದು ಅಜ್ಜಿಯ ಬಾಯಿಗೇ ಎಳೆದಂತೆ ಕಂಡಿತು. ಎರಡು ವಾರವಾದ ಮೇಲೆ ಅದೇ ಭಾಗದ ಮೇಲೆ ಮತ್ತೆ ಪ್ರಸಂಗ ಮಾಡುವ ಸರದಿ ಬಂತು. ಈ ಸಲ ಗ್ರೀಕಿನಲ್ಲಿ ಓದಿದೆ. ಯೇಸು ಅವಳನ್ನು ‘ಅಬ್ರಹಾಮನ ಮಗಳು’ ಎನ್ನುತ್ತಾನೆ. ಅಬ್ರಹಾಮನ ಮಕ್ಕಳು ಎಂದು ಗಂಡಸರು ಎದೆಯುಬ್ಬಿಸಿ ಹೇಳಿಕೊಳ್ಳುವ ಜಾಗದಲ್ಲಿ, ಸಭಾಮಂದಿರದ ನಡುವೆ, ಬೆನ್ನು ಬಗ್ಗಿದವಳಿಗೆ ಆ ಹೆಸರು ಸಿಗುತ್ತದೆ. ನಾನು ಬೆಟಗೇರಿಯ ಹೆಂಗಸರ ಬೆನ್ನಿನ ಬಗ್ಗೆ ಹೇಳಿದೆ. ಕಂಡಿಕೆ ಸುತ್ತುತ್ತಾ, ಕೊಂಡಿ ಹಾಕುತ್ತಾ ಬಾಗಿದ ಬೆನ್ನುಗಳು. ಎದುರಿಗೆ ಬಂದವರ ಮುಖ ನೋಡಲು ಅಜ್ಜಿ ಕುತ್ತಿಗೆಯನ್ನು ಪಕ್ಕಕ್ಕೆ ಹೊರಳಿಸುತ್ತಿದ್ದ ಬಗೆ. ಹದಿನೆಂಟು ವರ್ಷ ಆ ಕಥೆಯ ಹೆಂಗಸು ನೋಡಿದ್ದು ಎಲ್ಲರ ಪಾದಗಳನ್ನು ಮಾತ್ರ. ಒಂಬತ್ತು ನಿಮಿಷಕ್ಕೆ ಪ್ರಸಂಗ ಮುಗಿಯಿತು. ಆ ದಿನ ಯಾರ ಕಾಗದದ ಮೇಲೂ ಹೆಚ್ಚು ಗುರುತುಗಳಿರಲಿಲ್ಲ. ಅಜ್ಜಿಯ ಮಾತುಗಳು ನನ್ನನ್ನು ಬಿಟ್ಟು ಹೋಗಿಲ್ಲ. ಈಗಲೂ ಪ್ರಾರ್ಥನೆಯಲ್ಲಿ ‘ಕೃಪೆ’ ಎನ್ನುತ್ತೇನೆ. ಆದರೆ ಅನ್ನುವ ಮೊದಲು ಅದು ನನ್ನದು ಹೌದೇ ಎಂದು ಕೇಳಿಕೊಳ್ಳುತ್ತೇನೆ. ಕಾಲೇಜು ನನ್ನಿಂದ ತೆಗೆದುಕೊಂಡದ್ದು ಸಿದ್ಧಮಾತುಗಳನ್ನು. ಅವನ್ನೇ ನಂಬಿಕೆ ಎಂದುಕೊಂಡವರಿಗೆ ನಂಬಿಕೆ ಹೋದಂತೆ ಕಾಣುವುದು ಸಹಜ.

ಭಾನುವಾರ ಒಂದೊಂದು ಸಭೆಗೆ ನಮ್ಮನ್ನು ಕಳುಹಿಸುತ್ತಿದ್ದರು. ಎರಡನೆಯ ವರ್ಷ ನಾನು ಹೋಗುತ್ತಿದ್ದ ಕಡೆ ಹಿರಿಯರೊಬ್ಬರು ಮೊದಲ ದಿನವೇ, “ನೀವು ಕೆಳಗೆ ನಿಂತು ಓದಿರಿ ತಂಗಿ, ಮೇಲೆ ಹತ್ತುವುದು ಬೇಡ” ಎಂದರು. ವರ್ಷವಿಡೀ ಕೆಳಗಿನಿಂದಲೇ ಓದಿದೆ. ಅದನ್ನು ನಾನು ಮರೆತಿಲ್ಲ, ಮರೆಯಬೇಕು ಎಂದೂ ಅನಿಸುವುದಿಲ್ಲ. ಆದರೆ ಕೆಳಗೆ ನಿಂತಾಗ ಹೆಂಗಸರ ಸಾಲು ನನಗೆ ಎರಡು ಮಾರು ದೂರದಲ್ಲಿತ್ತು. ಆರಾಧನೆ ಮುಗಿದ ಕೂಡಲೇ ಅವರು ನನ್ನ ಕೈಹಿಡಿದು ಮಾತಿಗೆ ತೊಡಗುತ್ತಿದ್ದರು. ಕುಡಿಯುವ ಗಂಡ, ಗಲ್ಫಿಗೆ ಹೋಗಿ ಪತ್ರವಿಲ್ಲದ ಮಗ, ಯಾರಿಗೂ ಹೇಳದ ಗರ್ಭಪಾತ. ಇವನ್ನು ಅವರು ಎತ್ತರದ ಪೀಠದವರಿಗೆ ಹೇಳಿರಲಿಲ್ಲ.

ಮೂರನೆಯ ವರ್ಷ ದಲಿತ ದೈವಶಾಸ್ತ್ರ ಓದಿದೆವು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಒಂದು ಭಾಷಣದಿಂದ ಆ ಚಿಂತನೆಗೆ ಬಲ ಬಂತು ಎಂದು ಪಾಠದಲ್ಲಿತ್ತು. ಆದರೆ ಆ ತರಗತಿ ನನಗೆ ನಿಜವಾದದ್ದು ಬೀದರಿನ ಆ ಹುಡುಗ ಎದ್ದು ನಿಂತಾಗ. ತನ್ನ ಮುತ್ತಜ್ಜ ಏಕೆ ಕ್ರೈಸ್ತನಾದ ಎಂದು ಅವನು ಹೇಳಿದ. ಬಾವಿಯ ವಿಷಯ, ಚಪ್ಪಲಿಯ ವಿಷಯ, ಮತ್ತು ಈಗಲೂ ತಮ್ಮ ಊರಿನಲ್ಲಿ ಸಭೆಯೊಳಗೇ ಯಾರ ಮನೆಯ ಹೆಣ್ಣನ್ನು ಯಾರು ತರುವುದಿಲ್ಲ ಎಂಬ ವಿಷಯ. ಆದಿಕಾಂಡಕ್ಕೆ ಟ್ರಂಕು ಕಟ್ಟಿದವನು ಅಂದು ದಾಸತ್ವದಿಂದ ಬಿಡುಗಡೆಯ ಕಥೆ ಹೇಳುವ ವಿಮೋಚನಕಾಂಡವನ್ನು ಓದಿದ ರೀತಿ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಅದೇ ವರ್ಷ ಆರು ವಾರ ಆಸ್ಪತ್ರೆಯ ಸೇವೆ. ರೋಗಿಗಳ ಪಕ್ಕ ಕುಳಿತುಕೊಳ್ಳಬೇಕು. ಆಮೇಲೆ ನಡೆದ ಮಾತುಕತೆಯನ್ನು ನೆನಪಿದ್ದಷ್ಟು ಶಬ್ದಶಃ ಬರೆದು ಒಪ್ಪಿಸಬೇಕು. ಅವರು ಏನೆಂದರು, ನಾನು ಏನೆಂದೆ, ನಡುವೆ ಎಷ್ಟು ಮೌನ ಎಂಬುದೆಲ್ಲ ಇರಬೇಕು. ನಾನು ತೀವ್ರ ನಿಗಾ ಘಟಕದ ಹೊರಗಿನ ಓಣಿಯಲ್ಲಿ ಒಬ್ಬ ತಾಯಿಯನ್ನು ಕಂಡೆ. ಚಾಪೆಯ ಮೇಲೆ ಕುಳಿತಿದ್ದಳು. ಮಾತು ಕೇಳಿದ ಕೂಡಲೇ ನಮ್ಮ ಕಡೆಯವಳು ಎಂದು ತಿಳಿಯಿತು. ಕೊಪ್ಪಳದ ಹತ್ತಿರದ ಹಳ್ಳಿ. ಮಗ ಕಟ್ಟಡದ ಕೆಲಸಕ್ಕೆ ಬಂದವನು, ಸಾರವೆಯಿಂದ ಬಿದ್ದಿದ್ದ. ಆಕೆಯ ಮಾತು ದಾದಿಯರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ, ಅವರದು ಆಕೆಗೆ ತಿಳಿಯುತ್ತಿರಲಿಲ್ಲ.

ನಾನು ಕೈಹಿಡಿದು, “ನಿಮ್ಮ ಮಗನಿಗಾಗಿ ಪ್ರಾರ್ಥನೆ ಮಾಡಲೇ ಅವ್ವಾ?” ಎಂದೆ. “ಮಾಡು ತಂಗಿ” ಎಂದು ಆಕೆ ಸೆರಗಿನ ಗಂಟು ಬಿಚ್ಚಿ, ಎಂಟಾಗಿ ಮಡಚಿದ ಒಂದು ಕಾಗದ ತೆಗೆದಳು. ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದ್ದೆ. ಆಮೆನ್ ಎಂದು ಕಣ್ಣು ತೆರೆದಾಗ ಕಾಗದ ಇನ್ನೂ ನನ್ನ ಮುಂದೆ ಚಾಚಿಕೊಂಡೇ ಇತ್ತು. “ಇದರಲ್ಲಿ ಏನು ಬರೆದಿದೆ ಓದಿ ಹೇಳು. ನಿನ್ನೆ ಹೆಬ್ಬೆಟ್ಟು ಒತ್ತಿಸಿಕೊಂಡರು.” ಇಂಗ್ಲಿಷಿನಲ್ಲಿದ್ದ ಒಪ್ಪಿಗೆ ಪತ್ರದ ಪ್ರತಿ ಅದು. ತಲೆಬುರುಡೆಯ ಶಸ್ತ್ರಚಿಕಿತ್ಸೆ, ಅದರಲ್ಲಿ ಆಗಬಹುದಾದ ಅಪಾಯಗಳು. ಒಂದೊಂದು ಸಾಲನ್ನೂ ಕನ್ನಡ ಮಾಡಿ ಹೇಳಿದೆ. ‘ಪ್ರಾಣಾಪಾಯ’ ಎಂಬಲ್ಲಿಗೆ ಬಂದಾಗ ನಿಂತೆ. “ಹೇಳು, ನಿಲ್ಲಿಸಬೇಡ” ಎಂದಳು. ಪೂರ್ತಿ ಕೇಳಿ ಕಾಗದವನ್ನು ಅದೇ ಮಡಿಕೆಗಳಲ್ಲಿ ಮಡಚಿ ಗಂಟು ಹಾಕಿಕೊಂಡಳು. “ಈಗ ಗೊತ್ತಾಯಿತು” ಎಂದಳು.

ನನ್ನ ವರದಿಯಲ್ಲಿ ಅಧ್ಯಾಪಕರು ಒಂದೇ ಕಡೆ ಪೆನ್ಸಿಲಿನಿಂದ ಸುತ್ತು ಹಾಕಿದ್ದರು, ಆಕೆ ಕಾಗದ ತೆಗೆದದ್ದಕ್ಕೂ ನಾನು ಪ್ರಾರ್ಥನೆ ಶುರು ಮಾಡಿದ್ದಕ್ಕೂ ನಡುವೆ. ಏನನ್ನೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಎರಡು ವರ್ಷ ಗ್ರೀಕ್, ಹೀಬ್ರೂ ಓದಲು ಕಣ್ಣನ್ನು ತಿದ್ದಿಕೊಂಡವಳು ಕಣ್ಣೆದುರಿನ ಕಾಗದವನ್ನು ನೋಡಿರಲಿಲ್ಲ. ಐದನೆಯ ದಿನ ಆಕೆಯ ಮಗ ತೀರಿಕೊಂಡ. ಆಂಬುಲೆನ್ಸ್ ಬರುವವರೆಗೆ, ರಾತ್ರಿ ಹನ್ನೊಂದರಿಂದ ಎರಡರವರೆಗೆ, ಅದೇ ಚಾಪೆಯ ಮೇಲೆ ಜೊತೆಗೆ ಕುಳಿತಿದ್ದೆ. ಬಿಲ್ಲು, ಪೊಲೀಸರ ಪತ್ರ, ಮರಣೋತ್ತರ ಪರೀಕ್ಷೆಯ ಚೀಟಿ ಎಲ್ಲವನ್ನೂ ಒಂದೊಂದಾಗಿ ಓದಿ ಹೇಳಿದೆ. ಪ್ರಾರ್ಥನೆ ಮಾಡಲೇ ಎಂದು ಕೇಳಲಿಲ್ಲ. ಗಾಡಿ ಹತ್ತುವಾಗ ಆಕೆಯೇ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಒಂದು ಗಳಿಗೆ ನಿಂತಳು.

ಕೊನೆಯ ವರ್ಷ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ‘ಬೈಬಲ್ ಅಮ್ಮ’ಂದಿರನ್ನು. ಕಾಲೇಜಿನ ದಾಖಲೆಗಳ ಸಂಗ್ರಹದಲ್ಲಿ ಬಾಸೆಲ್ ಮಿಷನ್ನಿನ ಹಳೆಯ ವರದಿಗಳಿವೆ. ಕಾಗದ ಹಳದಿಯಾಗಿದೆ, ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ಮಿಷನರಿಗಳ ಹೆಸರು ಪೂರ್ತಿ ಇರುತ್ತದೆ, ಬಂದ ವರ್ಷದೊಂದಿಗೆ. ನಾನು ನೋಡಿದ ಪಟ್ಟಿಗಳಲ್ಲಿ ಬೈಬಲ್ ಅಮ್ಮಂದಿರಿಗೆ ಹೆಸರಿರಲಿಲ್ಲ, ಊರಿನ ಮುಂದೆ ಒಂದು ಅಂಕಿ ಮಾತ್ರ. ಬೆಟಗೇರಿಯ ಸಾಲಿನಲ್ಲಿದ್ದ ಆ ಅಂಕಿಯೊಳಗೆ ನನ್ನ ಅಮ್ಮನ ಅಜ್ಜಿ ಇದ್ದಾಳೆ ಎಂದು ಗೊತ್ತಿತ್ತು. ಬೆರಳನ್ನು ಅದರ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕುಳಿತೆ. ಆಮೇಲೆ ರಜೆಯಲ್ಲಿ ಊರಿಗೆ ಹೋಗಿ, ಎಂಬತ್ತು ದಾಟಿದ ಹೆಂಗಸರ ಮನೆಗಳನ್ನು ಸುತ್ತಿದೆ. ಬೆಟಗೇರಿ, ಹುಬ್ಬಳ್ಳಿ, ಧಾರವಾಡ. ಒಬ್ಬಳಿಗೆ ಬೈಬಲ್ ಅಮ್ಮನ ಹೆಸರು ನೆನಪಿತ್ತು, ಇನ್ನೊಬ್ಬಳಿಗೆ ಅವಳು ಹೇಳಿಕೊಡುತ್ತಿದ್ದ ಹಾಡು, ಮತ್ತೊಬ್ಬಳಿಗೆ ಅವಳ ಕೊಡೆಯ ಬಣ್ಣ. ಹನ್ನೊಂದು ಹೆಸರುಗಳು ಸಿಕ್ಕವು. ಪ್ರಬಂಧದ ಮೊದಲ ಪುಟದಲ್ಲಿ, ಮುನ್ನುಡಿಗೂ ಮೊದಲು, ಆ ಹನ್ನೊಂದನ್ನೂ ಒಂದರ ಕೆಳಗೆ ಒಂದು ಬರೆದೆ.

2018ರಲ್ಲಿ, ಸಿರಾಂಪುರದ ಕಾಲೇಜಿಗೆ ಇನ್ನೂರು ವರ್ಷ ತುಂಬಿದಾಗ, ನನ್ನ ಪದವಿಪತ್ರ ಕೈಗೆ ಬಂದಿತ್ತು. ಆಗಲೇ ನನ್ನನ್ನು ಬಯಲುಸೀಮೆಯ ಒಂದು ಹಳ್ಳಿಯ ಸಭೆಗೆ ಕಳುಹಿಸಿದ್ದರು. ಸಭಾಪಾಲಕಿಯಾಗುವ ಅಭಿಷೇಕಕ್ಕೆ ಇನ್ನೂ ಸಮಯವಿತ್ತು. ಅಲ್ಲಿಯ ಜನಕ್ಕೂ ನನ್ನನ್ನು ಕರೆಯಲು ಒಂದು ಹೆಸರು ಸಿಕ್ಕಿರಲಿಲ್ಲ. ಕೆಲವರು ಟೀಚರ್ ಎನ್ನುತ್ತಿದ್ದರು, ಕೆಲವರು ಸಿಸ್ಟರ್, ವಯಸ್ಸಾದವರು ತಂಗಿ. ಸಭೆಯ ಲೆಕ್ಕ ಬರೆಯುವವರು ‘ಸದರಿಯವರು’ ಎಂದು ಬರೆಯುತ್ತಿದ್ದರು.

ಬಂದು ಎರಡು 
ತಿಂಗಳಾಗಿತ್ತು. ಒಂದು ರಾತ್ರಿ ಒಂದೂವರೆಯ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಹನ್ನೆರಡು ವರ್ಷದ ಹುಡುಗ, ಕೈಯಲ್ಲಿ ಮೊಬೈಲಿನ ಬೆಳಕು. ಹೊಲದ ದಾರಿಯಲ್ಲಿ ಒಬ್ಬನೇ ಬಂದಿದ್ದ. ಏನೆಂದು ಕರೆಯಬೇಕೋ ಅವನಿಗೂ ತಿಳಿಯಲಿಲ್ಲ, ಹೆಸರಿಲ್ಲದೆಯೇ ಹೇಳಿದ.

“ಅಜ್ಜಿಗೆ ಉಸಿರು ಸಿಗುತ್ತಿಲ್ಲ. ನಿಮ್ಮನ್ನೇ ಕೇಳುತ್ತಿದ್ದಾಳೆ.”

ಸತ್ಯವೇದ, ಕನ್ನಡಕ, ಟಾರ್ಚು ತೆಗೆದುಕೊಂಡೆ. ಆಸ್ಪತ್ರೆಯ ಕಾಗದಗಳೇನಾದರೂ ಮನೆಯಲ್ಲಿವೆಯೇ ಎಂದು ಅವನನ್ನು ಕೇಳುತ್ತಾ ಬಾಗಿಲು ಎಳೆದುಕೊಂಡೆ.